ತಮ್ಮ ಅಪ್ಪಣೆಯಿಲ್ಲದೆ ಹೊತ್ತಿಕೊಂಡ ಒಲೆಗಳು

ಇವರಿಂದ: ಒಬ್ಬ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ.
ಇವರಿಗೆ: ಶ್ರೀ ನ್ಯೂಕ್ಲಿಯಸ್ ಸಾಹೇಬರು, ಕೇಂದ್ರ ಕಚೇರಿ, ನರಕೋಶ.
ವಿಷಯ: ತಮ್ಮ ಕಣ್ಣು ತಪ್ಪಿಸಿ ಶಾಖೆಗಳಲ್ಲಿ ಪ್ರೋಟೀನ್ ತಯಾರಾಗುತ್ತಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೂವತ್ತೊಂದು ವರ್ಷ ನಾನು ತಮ್ಮ ಪರವಾಗಿ ಪ್ರಚಾರ ಮಾಡಿದ್ದೇನೆ. ಸಂಬಳ ಪಡೆದು, ಪಿಯುಸಿ ಮಕ್ಕಳ ಎದುರು, ಹಾಡಹಗಲಲ್ಲಿ. ಕಪ್ಪುಹಲಗೆಯ ನಟ್ಟನಡುವೆ ತಮ್ಮನ್ನು ದುಂಡಗೆ ಬರೆದು, ಸುತ್ತ ಕೋಶಕಾಯದ ಗೋಡೆ ಎಬ್ಬಿಸಿ, ಎಡಕ್ಕೆ ಡೆಂಡ್ರೈಟುಗಳ ಕೊಂಬೆ, ಬಲಕ್ಕೆ ಆಕ್ಸಾನಿನ ಬಾಲ ಎಳೆಯುತ್ತಿದ್ದೆ. ಆಮೇಲೆ ಕೋಶಕಾಯದೊಳಗೆ ಸೀಮೆಸುಣ್ಣದಿಂದ ಟಕಟಕ ಹತ್ತು ಚುಕ್ಕೆ. ‘ಇವು ನಿಸ್ಲ್ ಕಣಗಳು, ರೈಬೋಸೋಮುಗಳ ಗುಂಪು. ಪ್ರೋಟೀನ್ ತಯಾರಾಗುವುದು ಇಲ್ಲಿ. ಆಚೆ ಇರುವುದೆಲ್ಲ ಬರೀ ತಂತಿ’ ಎಂದು ಹೇಳಿ ಕೈಯ ಸುಣ್ಣ ಕೊಡವಿಕೊಳ್ಳುತ್ತಿದ್ದೆ. ತಮ್ಮ ಸಾರ್ವಭೌಮತ್ವಕ್ಕೆ ಇಷ್ಟು ನಿಷ್ಠೆಯಿಂದ ದುಡಿದವನಿಗೆ ಒಂದು ಹಾರ, ಒಂದು ಶಾಲು ತಮ್ಮ ಕಡೆಯಿಂದ ಬಂದಿಲ್ಲ. ಆ ದೂರು ಇರಲಿ.

ಈಗ ಬರೆಯುತ್ತಿರುವುದು ಚಾಡಿ ಹೇಳುವುದಕ್ಕೆ. ತಾವು ಎರಡು ಪದರದ ಗೋಡೆಯ ಒಳಗೆ, ರಂಧ್ರಗಳಿಗೆಲ್ಲ ಕಾವಲು ಹಾಕಿಕೊಂಡು, ಡಿಎನ್‌ಎ ಎಂಬ ಮೂಲ ಕಡತವನ್ನು ಎದೆಗವಚಿಕೊಂಡು ಕೂತಿದ್ದೀರಿ. ಹೊರಗೆ ಬರುವವರಲ್ಲ. ತಮಗೆ ಗೊತ್ತಿಲ್ಲದ ಸಂಗತಿಯೆಂದರೆ ತಮ್ಮ ಶಾಖೆಗಳ ತುದಿತುದಿಯಲ್ಲಿ, ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಸಿನಾಪ್ಸ್ ಎಂಬ ಆ ಚಿಲ್ಲರೆ ಅಂಗಡಿಗಳ ಹಿತ್ತಲಲ್ಲಿ, ಒಲೆ ಉರಿಯುತ್ತಿದೆ. ಅಲ್ಲಿಯೇ ಪ್ರೋಟೀನ್ ಬೇಯುತ್ತಿದೆ. ಇಂದು ನಿನ್ನೆಯಿಂದಲ್ಲ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಸುಮಾರು ಇಪ್ಪತ್ತು ವರ್ಷದ ಕೆಳಗೆ, ಇದೇ ಚಿತ್ರ ಬರೆದು ಮುಗಿಸಿದಾಗ, ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದುನಿಂತಳು. ಅವರಪ್ಪ ಮದುವೆಮನೆಗಳಿಗೆ ಅಡುಗೆಗೆ ಹೋಗುವವರು. ‘ಸರ್, ಬೆನ್ನುಹುರಿಯಿಂದ ಕಾಲಿನ ಹೆಬ್ಬೆರಳ ತನಕ ಹೋಗೋ ಅಷ್ಟೊತ್ತಿಗೆ ಪ್ರೋಟೀನ್ ಹಳಸೋಲ್ವಾ?’ ಕ್ಲಾಸು ಘೊಳ್ಳೆಂದಿತು. ನಾನೂ ನಕ್ಕೆ. ‘ಅದು ಪರೀಕ್ಷೆಗೆ ಬರೋಲ್ಲ, ಕೂತ್ಕೋಮ್ಮ’ ಎಂದೆ. ಆಕೆ ಕೂತಳು. ಕೇಂದ್ರದ ಘನತೆ ಉಳಿಯಿತು.

ಈಗ ಆ ಲೆಕ್ಕವನ್ನು ಮಾಡಿ ನೋಡೋಣ, ಸಾಹೇಬರೇ. ಬೆನ್ನುಹುರಿಯ ಕೆಳಭಾಗದಲ್ಲಿ ಕೂತು ಪಾದದ ಸ್ನಾಯುವನ್ನು ಆಡಿಸುವ ಒಂದು ನರಕೋಶದ ಆಕ್ಸಾನ್ ಹೆಚ್ಚುಕಡಿಮೆ ಒಂದು ಮೀಟರ್. ತಾವು ವಾಸವಾಗಿರುವ ಕೋಶಕಾಯದ ಅಗಲ 50 ಮೈಕ್ರಾನ್ ಎಂದಿಟ್ಟುಕೊಳ್ಳಿ. ಮಿಲಿಮೀಟರಿನಲ್ಲಿ ಇಪ್ಪತ್ತನೇ ಒಂದು ಪಾಲು. ಅದನ್ನು ದೊಡ್ಡದು ಮಾಡಿ, 25 ಮೀಟರ್ ಅಗಲದ ಕಚೇರಿಯಾಗಿಸಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಟ್ಟರೆ, ಅದೇ ಅಳತೆಯಲ್ಲಿ ಆಕ್ಸಾನಿನ ತುದಿ ಬೆಳಗಾವಿಯಲ್ಲಿ ಬೀಳುತ್ತದೆ. 500 ಕಿಲೋಮೀಟರ್. ಈ ದಾರಿಯಲ್ಲಿ ಎರಡು ಬಗೆಯ ಸಾಗಣೆ ಇದೆ. ಪೊರೆಯ ಚೀಲದಲ್ಲಿ ಕಟ್ಟಿದ ಸರಕು ಎಕ್ಸ್‌ಪ್ರೆಸ್ ಬಸ್ಸು ಹತ್ತುತ್ತದೆ: ದಿನಕ್ಕೆ 200ರಿಂದ 400 ಮಿಲಿಮೀಟರ್, ಮೂರರಿಂದ ಐದು ದಿನದಲ್ಲಿ ತಲುಪೀತು. ಆದರೆ ಕೋಶದ ಹಂದರಕ್ಕೆ ಸೇರಿದ, ಕೋಶರಸದಲ್ಲಿ ತೇಲುವ ಪ್ರೋಟೀನುಗಳಿಗೆ ಎತ್ತಿನ ಗಾಡಿಯೇ ಗತಿ. ಅದರಲ್ಲಿ ನಿಧಾನದ ಗಾಡಿ ದಿನಕ್ಕೆ ಒಂದು ಮಿಲಿಮೀಟರಿನ ಆಸುಪಾಸು. ಒಂದು ಮೀಟರಿಗೆ ಸಾವಿರ ದಿನ, ಎಂದರೆ ಎರಡು ಮುಕ್ಕಾಲು ವರ್ಷ. ನಮ್ಮ ಬೆಳಗಾವಿ ರಸ್ತೆಯ ಅಳತೆಯಲ್ಲಿ ದಿನಕ್ಕೆ ಅರ್ಧ ಕಿಲೋಮೀಟರ್.

ನರಕೋಶದ ಬಹುಪಾಲು ಪ್ರೋಟೀನುಗಳ ಅರ್ಧಾಯುಷ್ಯ ಕೆಲವು ದಿನದಿಂದ ಕೆಲವು ವಾರ. ಎರಡು ವಾರ ಬಾಳುವ ಪ್ರೋಟೀನು ಏಳು ಕಿಲೋಮೀಟರ್ ನಡೆದಿರುತ್ತದೆ. ಯಶವಂತಪುರ ದಾಟುವಷ್ಟರಲ್ಲಿ ಸಾರು ಹಳಸಿತು. ಬೆಳಗಾವಿಯಲ್ಲಿ ಎಲೆ ಹಾಕಿಕೊಂಡು ಕೂತವರಿಗೆ ಏನು ಬಡಿಸುತ್ತೀರಿ? ಅಡುಗೆಯವರ ಮಗಳಿಗೆ ಒಂದು ನಿಮಿಷದಲ್ಲಿ ಹೊಳೆದದ್ದು ನನಗೆ ಪಿಂಚಣಿ ಬರುವ ತನಕ ಹೊಳೆಯಲಿಲ್ಲ. ಅದಕ್ಕೆ ಕಾರಣ ನನ್ನ ದಡ್ಡತನ ಮಾತ್ರವಲ್ಲ. ತಮ್ಮ ಕಚೇರಿಯ ಪ್ರಭಾವಳಿ ಅಷ್ಟು ದೊಡ್ಡದು.

ಆ ಪ್ರಭಾವಳಿಗೆ ಇತಿಹಾಸವೂ ಇದೆ. 1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೊ ಎಂಬಿಬ್ಬರು ಪ್ರಾಣಿಗಳ ನರವನ್ನು ಒಂದು ಕಡೆ ಬಿಗಿದು ಕಟ್ಟಿದರು. ಕಟ್ಟಿನ ಮೇಲ್ಭಾಗ, ಅಂದರೆ ತಮ್ಮ ಕಡೆಯ ಭಾಗ, ಉಬ್ಬಿಕೊಂಡಿತು. ಬಿಚ್ಚಿದಾಗ ಉಬ್ಬು ನಿಧಾನವಾಗಿ ಕೆಳಗಿಳಿಯಿತು. ಕೇಂದ್ರದಿಂದ ಸಾಮಗ್ರಿ ಹರಿಯುತ್ತದೆ ಎಂಬುದು ಹೀಗೆ ಸಾಬೀತಾಯಿತು. ಒಳ್ಳೆಯ ಪ್ರಯೋಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ಜನ ತೆಗೆದ ತಾತ್ಪರ್ಯ ನೋಡಿ: ನಾಲೆಗೆ ಅಡ್ಡಕಟ್ಟೆ ಹಾಕಿದರೆ ಮೇಲೆ ನೀರು ನಿಲ್ಲುತ್ತದೆ, ಆದ್ದರಿಂದ ಕೆಳಗಿನ ಊರಲ್ಲಿ ಬಾವಿಯೇ ಇಲ್ಲ! ಮೂರು ದಶಕ ಈ ತರ್ಕವೇ ನಡೆಯಿತು.

ಬಾವಿ ಇದೆ ಎಂದು ಕೂಗಿದವರು ಇದ್ದರು. ಅಮೆರಿಕದ ಎಡ್ವರ್ಡ್ ಕೋನಿಗ್ ಆಕ್ಸಾನ್ ತಾನೇ ಪ್ರೋಟೀನ್ ಕಟ್ಟುತ್ತದೆ ಎಂದು 1960ರ ದಶಕದಲ್ಲೇ ಹಟ ಹಿಡಿದರು. ಇಟಲಿಯ ಆಂತೋನಿಯೊ ಜ್ಯೂದಿತ್ತಾ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪನೆಯ ಆಕ್ಸಾನನ್ನು ಕೋಶಕಾಯದಿಂದ ಬೇರೆ ಮಾಡಿ, ಅಮೈನೊ ಆಮ್ಲಗಳನ್ನು ಕೊಟ್ಟು, ಅವು ಪ್ರೋಟೀನಾಗಿ ಹೆಣೆದುಕೊಳ್ಳುವುದನ್ನು 1968ರಲ್ಲಿ ತೋರಿಸಿದರು. ಅವರಿಗೆ ಸಿಕ್ಕ ಉತ್ತರ: ನಿಮ್ಮ ಆಕ್ಸಾನಿಗೆ ಸುತ್ತಿಕೊಂಡ ಗ್ಲಿಯಾ ಕೋಶಗಳ ಕಲಬೆರಕೆ ಇರಬೇಕು, ಇಲ್ಲವೇ ಬ್ಯಾಕ್ಟೀರಿಯಾ ಸೇರಿರಬೇಕು. ಹಿತ್ತಲಲ್ಲಿ ಹೊಗೆ ಕಂಡರೆ ಅದು ಪಕ್ಕದ ಮನೆಯದು. 1965ರಲ್ಲೇ ಡೇವಿಡ್ ಬೋಡಿಯನ್ ಕೋತಿಯ ಬೆನ್ನುಹುರಿಯಲ್ಲಿ ಸಿನಾಪ್ಸಿನ ಗುಬಟಗಳ ಎದುರಿಗೇ ರೈಬೋಸೋಮುಗಳು ನೆರೆದಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು, ಇದು ಏನೋ ಸೂಚಿಸುತ್ತಿದೆ ಎಂದು ಬಹಳ ವಿನಯದಿಂದ ಬರೆದಿದ್ದರು. ವಿನಯದಿಂದ ಬರೆದದ್ದನ್ನು ಯಾರು ಓದುತ್ತಾರೆ?

ಕೊನೆಗೆ 1982ರಲ್ಲಿ ಆಸ್ವಾಲ್ಡ್ ಸ್ಟುವರ್ಡ್ ಮತ್ತು ವಿಲಿಯಂ ಲೆವಿ ಪಂಚನಾಮೆ ಬರೆದೇಬಿಟ್ಟರು. ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಪ್ರದೇಶದಲ್ಲಿ, ಡೆಂಡ್ರೈಟಿನ ಮೈಮೇಲೆ ಮುಳ್ಳಿನ ಹಾಗೆ ಎದ್ದಿರುವ ಪುಟ್ಟ ಮೊಳಕೆಗಳಿವೆಯಲ್ಲ, ಸಂದೇಶ ಬಂದು ಇಳಿಯುವ ಜಾಗ, ಅದರ ಬುಡದಲ್ಲೇ ರೈಬೋಸೋಮುಗಳ ಸಾಲು. ಡೆಂಡ್ರೈಟಿನ ತುಂಬ ಚೆಲ್ಲಾಡಿರಲಿಲ್ಲ. ಬಾಗಿಲ ಪಕ್ಕ ಒಲೆ ಹೂಡಿದ ಹಾಗೆ ಮುಳ್ಳಿನ ಬುಡ ಹುಡುಕಿ ಕೂತಿದ್ದವು. (ಕಾಕತಾಳೀಯ ಎಂದರೆ, ನಮ್ಮ ನಜೀರ್ ಸಾಬರು ತಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯ್ದೆಯ ಹೆಸರಿನಲ್ಲಿರುವ ವರ್ಷ 1983. ಅದಕ್ಕೆ ಚುನಾವಣೆ ನಡೆದದ್ದು 1987ರಲ್ಲಿ. ಕೇಂದ್ರಗಳು ಕೈಬಿಡುವುದು ಎಲ್ಲ ಕಡೆಯೂ ನಿಧಾನವೇ.)

ತಾವು ಕೇಳಬಹುದು, ಒಲೆ ಇದ್ದರೇನು, ಅಡುಗೆ ಚೀಟಿ ನನ್ನ ಬಳಿ ಇದೆಯಲ್ಲ ಎಂದು. ಇದೆ. ಯಾರೂ ಅಲ್ಲಗಳೆಯುವುದಿಲ್ಲ. ಡಿಎನ್‌ಎ ಕಡತದಿಂದ ನಕಲು ಇಳಿಸಿದ ಎಂಆರ್‌ಎನ್‌ಎ ಎಂಬ ಚೀಟಿ ಹೊರಡುವುದು ತಮ್ಮ ಸಹಿಯಿಂದಲೇ. ಆದರೆ ಆ ಚೀಟಿಗಳು ಎಲ್ಲಿಗೆ ಹೋಗುತ್ತಿವೆ ಎಂದು ತಾವು ಯಾವತ್ತಾದರೂ ರವಾನೆ ಪುಸ್ತಕ ತೆರೆದು ನೋಡಿದ್ದೀರಾ? ಬಹಳಷ್ಟು ಚೀಟಿಗಳು ತಮ್ಮ ಕಾಂಪೌಂಡಿನೊಳಗಿನ ಅಡುಗೆಮನೆಗೇ ಹೋಗುತ್ತವೆ, ನಿಜ. ಕೆಲವು ಮಾತ್ರ ಹಾಗಲ್ಲ. ಅವುಗಳ ಬಾಲದಲ್ಲಿ, ಪ್ರೋಟೀನಿಗೆ ಬೇಕಾದ ಪಾಠ ಮುಗಿದ ಮೇಲೆ, ಒಂದು ವಿಳಾಸ ಬರೆದಿರುತ್ತದೆ. ವಿಜ್ಞಾನಿಗಳೇ ಅದಕ್ಕೆ ಪಿನ್‌ಕೋಡಿಗೆ ಅವರ ದೇಶದಲ್ಲಿರುವ ಹೆಸರನ್ನಿಟ್ಟು ‘ಜಿಪ್‌ಕೋಡ್’ ಎಂದರು. ಕೋಶದ ಹಂದರ ಕಟ್ಟುವ ಬೀಟಾ ಆಕ್ಟಿನ್ ಎಂಬ ಪ್ರೋಟೀನಿನ ಚೀಟಿಯಲ್ಲಿ ಈ ವಿಳಾಸ 54 ಅಕ್ಷರ. ನಮ್ಮ ಅಂಚೆಯವರು ಆರಂಕಿಯಲ್ಲಿ ಮುಗಿಸುತ್ತಾರೆ.

ವಿಳಾಸ ಓದಬಲ್ಲ ಪ್ರೋಟೀನುಗಳು ಈ ಚೀಟಿಯನ್ನು ಹಿಡಿದು, ಮಡಿಚಿ, ಬಾಯಿ ಹೊಲಿದು ಗಂಟು ಕಟ್ಟುತ್ತವೆ. ಕೈನೆಸಿನ್ ಎಂಬ ಹಮಾಲಿ ಆ ಗಂಟನ್ನು ಹೊತ್ತು ಮೈಕ್ರೊಟ್ಯೂಬ್ಯೂಲಿನ ಹಳಿಯ ಮೇಲೆ ಹೆಜ್ಜೆ ಹಾಕುತ್ತಾನೆ. ದಾರಿಯಲ್ಲಿ ಯಾವ ರೈಬೋಸೋಮೂ ಚೀಟಿ ಬಿಚ್ಚಿ ಓದುವಂತಿಲ್ಲ. ಗಂಟು ಶಾಖೆ ತಲುಪಿ, ಸುಮ್ಮನೆ ಕಾದಿರುತ್ತದೆ. ಸಿನಾಪ್ಸಿಗೆ ಗಟ್ಟಿಯಾದ ಸಂದೇಶ ಬಡಿದಾಗ ಮಾತ್ರ ಗಂಟು ಸಡಿಲ, ಚೀಟಿ ಬಯಲು, ಒಲೆಗೆ ಬೆಂಕಿ. ಒಂದೇ ಚೀಟಿಯಿಂದ ಎಷ್ಟೋ ಪ್ರೋಟೀನ್. ಆರ್ಕ್ ಎಂಬ ಇನ್ನೊಂದು ಚೀಟಿಯಂತೂ ಮಹಾ ಚುರುಕು: 1998ರಲ್ಲಿ ಸ್ಟುವರ್ಡ್ ಮತ್ತು ಸಂಗಡಿಗರು ಹಿಪೊಕ್ಯಾಂಪಸ್ಸಿನ ಡೆಂಡ್ರೈಟುಗಳ ಒಂದು ಪಟ್ಟಿಯನ್ನಷ್ಟೇ ಕೆರಳಿಸಿದಾಗ, ಹೊಸದಾಗಿ ಹೊರಟ ಆರ್ಕ್ ಚೀಟಿಗಳು ಸಾಲುಗಟ್ಟಿ ಅದೇ ಪಟ್ಟಿಯಲ್ಲಿ ಹೋಗಿ ಕೂತವು. ಯಾವ ಓಣಿಯಲ್ಲಿ ಗದ್ದಲವೋ ಆ ಓಣಿಗೇ. ತಮ್ಮ ಸುತ್ತೋಲೆಗಳು ಎಂದಾದರೂ ಹೀಗೆ ತಲುಪಿದ್ದುಂಟೇ?

ಇಷ್ಟೆಲ್ಲ ಏಕೆ ಬೇಕಿತ್ತು ಎಂಬುದು ಮುಖ್ಯ. ಹೆಬ್ಬೆರಳ ದೂರದ ಲೆಕ್ಕ ಅರ್ಧ ಉತ್ತರ. ಮಿದುಳಿನೊಳಗಿನ ಎಷ್ಟೋ ಡೆಂಡ್ರೈಟುಗಳು ಅರ್ಧ ಮಿಲಿಮೀಟರಿಗಿಂತ ಉದ್ದವಿಲ್ಲ. ಅಲ್ಲಿಗೆ ಕೇಂದ್ರದಿಂದಲೇ ಸಾರು ಕಳಿಸಬಹುದಿತ್ತು. ಅಲ್ಲಿನ ತೊಂದರೆ ದೂರದ್ದಲ್ಲ, ವಿಳಾಸದ್ದು. ಹಿಪೊಕ್ಯಾಂಪಸ್ಸಿನ ಒಂದು ನರಕೋಶದ ಮೇಲೆ ಹತ್ತು ಸಾವಿರದ ಲೆಕ್ಕದಲ್ಲಿ ಸಿನಾಪ್ಸುಗಳಿವೆ. ಕಲಿಕೆ ಎಂದರೆ ಇವುಗಳಲ್ಲಿ ಕೆಲವು ಗಟ್ಟಿಯಾಗುವುದು, ಕೆಲವು ಸೊರಗುವುದು. ಎಲ್ಲವೂ ಒಟ್ಟಿಗೆ ಗಟ್ಟಿಯಾದರೆ ಅದು ಕಲಿಕೆಯಲ್ಲ, ಊತ. ಹೊಸ ನೆನಪು ದಿನಗಟ್ಟಲೆ ನಿಲ್ಲಬೇಕಾದರೆ ಹೊಸ ಪ್ರೋಟೀನ್ ಬೇಕು ಎಂಬುದು 1960ರ ದಶಕದಿಂದಲೇ ಗೊತ್ತಿತ್ತು. ಇಲಿಗೂ ಮೀನಿಗೂ ಪ್ರೋಟೀನ್ ತಯಾರಿಕೆ ನಿಲ್ಲಿಸುವ ಮದ್ದು ಚುಚ್ಚಿದರೆ ಕಲಿತದ್ದು ಮರೆತುಹೋಗುತ್ತಿತ್ತು. ಹಾಗಾದರೆ ಕೇಂದ್ರದಲ್ಲಿ ಬೆಂದ ಪ್ರೋಟೀನು ಹತ್ತು ಸಾವಿರ ಬಾಗಿಲುಗಳಲ್ಲಿ ಯಾವ ಬಾಗಿಲು ತಟ್ಟಬೇಕು?

ಈ ಪ್ರಶ್ನೆಯನ್ನು ಚಾಕು ಹಿಡಿದು ಕೇಳಿದವರು ಹ್ಯೆಜಿನ್ ಕಾಂಗ್ ಮತ್ತು ಎರಿನ್ ಶುಮನ್. 1996ರ ಅವರ ಪ್ರಯೋಗವನ್ನು ತಾವು ಮನಸ್ಸಿಟ್ಟು ಕೇಳಬೇಕು, ಏಕೆಂದರೆ ಅದರಲ್ಲಿ ಕತ್ತರಿಸಿ ಆಚೆಗಿಟ್ಟದ್ದು ತಮ್ಮನ್ನು. ಇಲಿಯ ಹಿಪೊಕ್ಯಾಂಪಸ್ಸಿನ ತೆಳ್ಳನೆಯ ಹೋಳು ತೆಗೆದು, ಬಿಡಿಎನ್‌ಎಫ್ ಎಂಬ ಬೆಳವಣಿಗೆಯ ಅಂಶವನ್ನು ಸುರಿದರೆ ಅಲ್ಲಿನ ಸಿನಾಪ್ಸುಗಳು ಬಲಗೊಂಡು ಗಂಟೆಗಟ್ಟಲೆ ಹಾಗೆಯೇ ನಿಲ್ಲುತ್ತವೆ. ಪ್ರೋಟೀನ್ ತಯಾರಿಕೆ ತಡೆಯುವ ಮದ್ದನ್ನೂ ಜೊತೆಗೆ ಹಾಕಿದರೆ ಬಲ ಬರುವುದಿಲ್ಲ. ಇಲ್ಲಿಯವರೆಗೆ ತಮ್ಮ ಮಾನ ಉಳಿದಿದೆ. ಪ್ರೋಟೀನು ಕೇಂದ್ರದಿಂದಲೇ ಬಂದಿರಬಹುದು. ಆಮೇಲೆ ಅವರು ಹೋಳಿನಲ್ಲಿ ಸೂಕ್ಷ್ಮವಾಗಿ ಗಾಯ ಮಾಡಿ, ಸಿನಾಪ್ಸುಗಳಿರುವ ಭಾಗವನ್ನು ಕೋಶಕಾಯಗಳಿಂದ ಬೇರ್ಪಡಿಸಿದರು. ಸಂದೇಶ ಕಳಿಸುವ ಕೋಶದಿಂದಲೂ, ಪಡೆಯುವ ಕೋಶದಿಂದಲೂ. ತಲೆಯಿಲ್ಲದ ಶಾಖೆ ಉಳಿಯಿತು. ಬಿಡಿಎನ್‌ಎಫ್ ಹಾಕಿದರು. ಸಿನಾಪ್ಸು ಬಲಗೊಂಡಿತು. ಪ್ರೋಟೀನ್ ತಡೆಯುವ ಮದ್ದು ಹಾಕಿದರು. ಬಲ ಬರಲಿಲ್ಲ. ಅಂದರೆ ತಾವು ಊರಲ್ಲೇ ಇಲ್ಲದಿದ್ದಾಗ ಅಡುಗೆ ನಡೆದಿದೆ, ಬಡಿಸಿಯೂ ಆಗಿದೆ.

2000ದಲ್ಲಿ ಕಿಂಬರ್ಲಿ ಹ್ಯೂಬರ್ ಮತ್ತು ಮಾರ್ಕ್ ಬೇರ್ ಇದರ ಇನ್ನೊಂದು ಮಗ್ಗುಲು ತೋರಿಸಿದರು: ಸಿನಾಪ್ಸು ಸೊರಗುವುದಕ್ಕೂ, ಕನಿಷ್ಠ ಒಂದು ಬಗೆಯಲ್ಲಿ, ಡೆಂಡ್ರೈಟಿನಲ್ಲೇ ತಯಾರಾದ ಪ್ರೋಟೀನ್ ಬೇಕು. ಕಟ್ಟುವುದಕ್ಕೂ ಕೆಡವುವುದಕ್ಕೂ ಒಂದೇ ಒಲೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಕೆಲ್ಸಿ ಮಾರ್ಟಿನ್, ಎರಿಕ್ ಕ್ಯಾಂಡೆಲ್ ಮತ್ತು ಸಂಗಡಿಗರ 1997ರ ಕೆಲಸ. ಅಪ್ಲೀಸಿಯ ಎಂಬ ಸಮುದ್ರದ ಬಸವನಹುಳು. ನಮ್ಮ ತೋಟದ ಬಸವನಹುಳುವಿನ ದೂರದ ನೆಂಟ, ಬೆನ್ನ ಮೇಲೆ ಚಿಪ್ಪಿನ ಮನೆ ಕಾಣುವುದಿಲ್ಲ. ಅದರ ಒಂದು ಸಂವೇದಿ ನರಕೋಶವನ್ನು ತಟ್ಟೆಯಲ್ಲಿ ಬೆಳೆಸಿ, ಅದರ ಆಕ್ಸಾನ್ ಕವಲೊಡೆದು ಎರಡು ಕಡೆ ಎರಡು ಚಾಲಕ ನರಕೋಶಗಳನ್ನು ಮುಟ್ಟುವಂತೆ ಮಾಡಿದರು. ಒಂದೇ ನ್ಯೂಕ್ಲಿಯಸ್, ಎರಡು ಅಂಗಡಿ. ಒಂದು ಅಂಗಡಿಯ ಬಾಗಿಲಿಗೆ ಮಾತ್ರ ಸೆರಟೋನಿನ್ ಅನ್ನು ಐದು ಸಲ ಊದಿದರು. ಮರುದಿನ ನೋಡಿದರೆ ಆ ಒಂದು ಸಿನಾಪ್ಸು ಮಾತ್ರ ಬಲಗೊಂಡಿತ್ತು. ಇನ್ನೊಂದು ಇದ್ದ ಹಾಗೇ ಇತ್ತು. ಊದಿದ ಜಾಗದಲ್ಲಷ್ಟೇ ಪ್ರೋಟೀನ್ ತಯಾರಿಕೆಯನ್ನು ತಡೆದರೆ ಅದೂ ಬಲಗೊಳ್ಳಲಿಲ್ಲ. ಇಲ್ಲಿ ತಮ್ಮ ಪಾಲೂ ಇದೆ ಎಂದು ಸಂತೋಷದಿಂದ ತಿಳಿಸುತ್ತೇನೆ. ತಾವು ಹೊಸ ಚೀಟಿ ಬರೆಯದಿದ್ದರೆ ಆ ಬಲ ಬಾಳುತ್ತಿರಲಿಲ್ಲ. ಆದರೆ ತಾವು ಕಳಿಸಿದ್ದು ಎಲ್ಲರಿಗೂ. ಕೈಗೆತ್ತಿಕೊಂಡದ್ದು ಕೇಳಿದವರು ಮಾತ್ರ. ಅದೇ ವರ್ಷ ಉವೆ ಫ್ರೈ ಮತ್ತು ರಿಚರ್ಡ್ ಮಾರಿಸ್ ಇಲಿಯ ಮಿದುಳಿನಲ್ಲಿ ಇಂಥದ್ದನ್ನೇ ಕಂಡು, ಉದ್ದೀಪನಗೊಂಡ ಸಿನಾಪ್ಸು ತನ್ನ ಬಾಗಿಲಿಗೆ ಒಂದು ಗುರುತು ಹಚ್ಚಿಕೊಳ್ಳುತ್ತದೆ, ಹಾದುಹೋಗುವ ಪ್ರೋಟೀನುಗಳನ್ನು ಆ ಗುರುತು ಹಿಡಿದಿಟ್ಟುಕೊಳ್ಳುತ್ತದೆ ಎಂದು ವಿವರಿಸಿದರು. ಯಾವ ಬಾಗಿಲು ಎಂದು ತೀರ್ಮಾನಿಸುವ ಅಧಿಕಾರ ಎರಡು ಕಥೆಯಲ್ಲೂ ಬಾಗಿಲಿನದೇ.

ಇನ್ನು ಅಂಕಿಅಂಶ. ಕೇಂದ್ರಗಳಿಗೆ ಅದಿಲ್ಲದೆ ನಂಬಿಕೆ ಬರುವುದಿಲ್ಲವಲ್ಲ. ಬಹಳ ಕಾಲ ಡೆಂಡ್ರೈಟಿಗೆ ಹೋಗುವ ಚೀಟಿಗಳು ಬೆರಳೆಣಿಕೆಯವು ಎಂದೇ ತಿಳಿದಿದ್ದರು. ಹೋದರೆ ಹೋಗಲಿ, ಹತ್ತಿಪ್ಪತ್ತು ವಿನಾಯಿತಿ. 2012ರಲ್ಲಿ ಶುಮನ್ ಅವರ ಗುಂಪು ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯಲ್ಲಿ ಇಲಿಯ ಹಿಪೊಕ್ಯಾಂಪಸ್ಸಿನಿಂದ, ಕೋಶಕಾಯಗಳನ್ನು ಬಿಟ್ಟು ಬರೀ ಕೊಂಬೆರೆಂಬೆಗಳ ಭಾಗವನ್ನು ಕತ್ತರಿಸಿ ತೆಗೆದು ಎಣಿಸಿತು. 2,550 ಬಗೆಯ ಎಂಆರ್‌ಎನ್‌ಎ. ಅಡುಗೆ ಪುಸ್ತಕವೇ ಶಾಖೆಗೆ ವರ್ಗವಾಗಿತ್ತು. 2019ರಲ್ಲಿ ಅದೇ ಗುಂಪು ಬೆಳೆದ ಮೂಷಿಕಗಳ ಮಿದುಳಿನಲ್ಲಿ ನೋಡಿದಾಗ ಸಿನಾಪ್ಸಿನ ಪಡೆಯುವ ದಡದಲ್ಲೂ, ಕಳಿಸುವ ದಡದಲ್ಲೂ, ಎರಡರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಕಡೆ ರೈಬೋಸೋಮು ಮತ್ತು ಚೀಟಿಗಳು ಸಿಕ್ಕವು. ಕಳಿಸುವ ದಡ ಎಂದರೆ ಆಕ್ಸಾನಿನ ತುದಿ. ಕೋನಿಗ್, ಜ್ಯೂದಿತ್ತಾ ಕೂಗಿ ಅರ್ಧ ಶತಮಾನವಾಗಿತ್ತು.

ಅಷ್ಟು ವರ್ಷ ಅವು ಕಣ್ಣಿಗೇಕೆ ಬೀಳಲಿಲ್ಲ ಎಂಬುದಕ್ಕೆ ಒಂದು ಕಾರಣ 2020ರಲ್ಲಿ ಹೊರಬಂತು. ಒಂದೇ ಚೀಟಿಯ ಮೇಲೆ ಐದಾರು ರೈಬೋಸೋಮು ಸಾಲಾಗಿ ಕೂತಿದ್ದರೆ ಕೆಲಸ ನಡೆದಿದೆ, ಒಂಟಿಯಾಗಿ ಕೂತಿದ್ದರೆ ಅದು ಬಿಡುವಿನಲ್ಲಿದೆ ಎಂಬುದು ಸೂಕ್ಷ್ಮದರ್ಶಕ ಹಿಡಿದವರ ಲೆಕ್ಕವಾಗಿತ್ತು. ಸಿನಾಪ್ಸಿನ ಇಕ್ಕಟ್ಟಿನಲ್ಲಿ ಸಾಲು ಕೂರಲು ಜಾಗವೆಲ್ಲಿ? ಅಲ್ಲಿ ಒಂಟಿ ರೈಬೋಸೋಮುಗಳೇ ಬಹಳಷ್ಟು ಅಡುಗೆ ಮಾಡುತ್ತವೆ ಎಂದು ಗೊತ್ತಾಯಿತು. ಗುಂಪು ಕಟ್ಟಿಕೊಂಡು ಕೂತವರನ್ನು ಮಾತ್ರ ಹಾಜರಿ ಪುಸ್ತಕಕ್ಕೆ ಹಾಕಿ, ಒಬ್ಬರೇ ದುಡಿಯುವವರನ್ನು ಗೈರುಹಾಜರಿ ಬರೆದದ್ದು. ನಮ್ಮೂರ ಬಿಸಿಯೂಟದ ಅಕ್ಕ ನೆನಪಾಗುತ್ತಾರೆ. ಒಬ್ಬರೇ ಅಕ್ಕಿ ಆರಿಸಿ, ಬೇಳೆ ಬೇಯಿಸಿ, ನೂರು ತಟ್ಟೆ ಬಡಿಸುತ್ತಾರೆ. ತಪಾಸಣೆಗೆ ಬಂದ ಸಾಹೇಬರು ‘ಅಡುಗೆ ಸಿಬ್ಬಂದಿ ಎಲ್ಲಿ?’ ಎಂದು ಅವರನ್ನೇ ಕೇಳುತ್ತಾರೆ.

ಇಲ್ಲಿಯವರೆಗಿನ ಚಾಡಿಯಿಂದ ತಮಗೆ ಸಿಟ್ಟು ಬಂದು, ಶಾಖೆಗಳ ಒಲೆಯೆಲ್ಲ ಮುಟ್ಟುಗೋಲು ಹಾಕಿಕೊಳ್ಳುವ ಆಲೋಚನೆ ಬಂದಿದ್ದರೆ, ಒಂದು ಕ್ಷಣ. ಒಲೆ ಹೊತ್ತಿಸುವುದಕ್ಕಿಂತ ಉರಿ ತಗ್ಗಿಸುವುದು ಕಷ್ಟದ ಕೆಲಸ. ಅದಕ್ಕೂ ಅಲ್ಲಿ ಆಳುಂಟು. ಎಫ್‌ಎಂಆರ್‌ಪಿ ಎಂದು ಹೆಸರು. ಅದು ಚೀಟಿಗಳ ಜೊತೆ ಶಾಖೆಗೆ ಹೋಗಿ, ಸಂದೇಶ ಬರುವ ತನಕ ನೂರಾರು ಬಗೆಯ ಚೀಟಿಗಳ ಮೇಲೆ ಕೈಯಿಟ್ಟು ‘ತಡಿ, ಇನ್ನೂ ಹೊತ್ತಿದೆ’ ಎನ್ನುತ್ತದೆ. ಈ ಪ್ರೋಟೀನಿನ ಜೀನು ಎಕ್ಸ್ ಕ್ರೋಮೊಸೋಮಿನಲ್ಲಿದೆ, ಪತ್ತೆಯಾದದ್ದು 1991ರಲ್ಲಿ. ಅದರ ಆರಂಭದಲ್ಲಿ ಸಿಜಿಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಆ ಪುನರುಕ್ತಿ 200 ದಾಟಿದರೆ ಕಡತಕ್ಕೆ ಬೀಗ ಬೀಳುತ್ತದೆ, ಎಫ್‌ಎಂಆರ್‌ಪಿ ತಯಾರಾಗುವುದೇ ಇಲ್ಲ. ಆಗ ಹುಟ್ಟುವ ತೊಂದರೆಗೆ ಫ್ರಜೈಲ್ ಎಕ್ಸ್ ಎನ್ನುತ್ತಾರೆ. ಸುಮಾರು ನಾಲ್ಕರಿಂದ ಏಳು ಸಾವಿರ ಗಂಡುಮಕ್ಕಳಲ್ಲಿ ಒಬ್ಬರಿಗೆ. ಬುದ್ಧಿಮಾಂದ್ಯ, ಕಣ್ಣಿಗೆ ಕಣ್ಣು ಸೇರಿಸಲಾಗದ ಸಂಕೋಚ, ಸಣ್ಣ ಸದ್ದಿಗೂ ಬೆಚ್ಚುವುದು, ಎಷ್ಟೋ ಮಕ್ಕಳಲ್ಲಿ ಆಟಿಸಂ ಲಕ್ಷಣ. ಮಿದುಳಿನ ಡೆಂಡ್ರೈಟುಗಳ ಮುಳ್ಳುಗಳು ಬಲಿಯದೆ, ತೆಳ್ಳಗೆ ಉದ್ದಕ್ಕೆ ಬೆಳೆದಿರುತ್ತವೆ. ಶಾಖೆಯಲ್ಲಿ ಪ್ರೋಟೀನ್ ಕಡಿಮೆಯಾಗಿ ಅಲ್ಲ, ತಡೆಯುವ ಕೈಯಿಲ್ಲದೆ ಉಕ್ಕಿ ಹೀಗಾಗುತ್ತದೆ. ಇಲ್ಲಿ ನನ್ನ ವ್ಯಂಗ್ಯ ಸಾಕು. ಇಂಥ ಒಂದು ಮಗುವನ್ನು ಕ್ಲಾಸಿನಲ್ಲಿ ಕೂರಿಸಿಕೊಂಡಿದ್ದೇನೆ; ಆಗ ಅದಕ್ಕೆ ಹೆಸರು ಗೊತ್ತಿರಲಿಲ್ಲ, ‘ಗಮನ ಕೊಡುವುದಿಲ್ಲ’ ಎಂದು ತಂದೆಗೆ ದೂರು ಬರೆದು ಕಳಿಸಿದ್ದೆ.

ಈ ತಡೆ ಹೇಗೆ ನಡೆಯುತ್ತದೆ ಎಂದು ಹುಡುಕಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ರವಿ ಮುದ್ದಶೆಟ್ಟಿ ಅಮೆರಿಕದಲ್ಲಿ ಗ್ಯಾರಿ ಬಾಸೆಲ್ ಅವರ ಗುಂಪಿನಲ್ಲಿದ್ದಾಗ, 2011ರಲ್ಲಿ, ಸಿನಾಪ್ಸಿನ ಪಡೆಯುವ ದಡಕ್ಕೆ ಅಡಿಪಾಯದಂತಿರುವ ಪಿಎಸ್‌ಡಿ-95 ಎಂಬ ಪ್ರೋಟೀನಿನ ಚೀಟಿಯನ್ನು ಎಫ್‌ಎಂಆರ್‌ಪಿ ಮತ್ತು ಒಂದು ಪುಟ್ಟ ಮೈಕ್ರೊಆರ್‌ಎನ್‌ಎ ಸೇರಿ ಹಿಡಿದಿಡುವುದನ್ನು ತೋರಿಸಿದರು. ಗ್ಲುಟಮೇಟ್ ಸಂದೇಶ ಬಂದೊಡನೆ ಎಫ್‌ಎಂಆರ್‌ಪಿ ಮೈಮೇಲಿನ ಒಂದು ಫಾಸ್ಫೇಟ್ ಕಳಚುತ್ತದೆ, ಹಿಡಿತ ಸಡಿಲವಾಗುತ್ತದೆ, ಚೀಟಿ ಓದಲು ಸಿಗುತ್ತದೆ. ಮತ್ತೆ ಹಿಡಿಯಲೂ ಬರುತ್ತದೆ. ಒಂದು ಫಾಸ್ಫೇಟು, ಕದದ ಅಗುಳಿಯಷ್ಟೇ ಸರಳ. ಆಮೇಲೆ ಅವರು ಬೆಂಗಳೂರಿನ ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಗೆ ಬಂದು ಈ ಕೆಲಸ ಮುಂದುವರಿಸಿದರು. ಅದೇ ಆವರಣದ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಫ್ರಜೈಲ್ ಎಕ್ಸ್ ಇಲಿಗಳಲ್ಲಿ ಭಯ, ಆತಂಕಗಳ ಠಾಣೆಯಾದ ಅಮಿಗ್ಡಲಾದ ಸಿನಾಪ್ಸುಗಳನ್ನು ಪರೀಕ್ಷಿಸಿದರು. ಗ್ಲುಟಮೇಟ್ ಸಂದೇಶ ಹಿಡಿದು ಒಲೆಯ ಉರಿ ಹೆಚ್ಚಿಸುವ ಗ್ರಾಹಕವನ್ನು ತಗ್ಗಿಸಿದರೆ ಫ್ರಜೈಲ್ ಎಕ್ಸ್ ಇಲಿಗಳು ಬಹಳಷ್ಟು ಸುಧಾರಿಸುವುದನ್ನು ಬೇರ್ ಅವರ ಗುಂಪು 2007ರಲ್ಲಿ ಕಂಡಿತ್ತು. ಅದನ್ನೇ ನಂಬಿ ಮನುಷ್ಯರ ಮೇಲೆ ನಡೆಸಿದ ದೊಡ್ಡ ಔಷಧ ಪರೀಕ್ಷೆಗಳು ಫಲ ಕೊಡದೆ 2014ರ ಹೊತ್ತಿಗೆ ನಿಂತವು. ಇಲಿಗೆ ಹಿಡಿದ ಲೆಕ್ಕ ಮನುಷ್ಯನಿಗೆ ಹಿಡಿಯಲಿಲ್ಲ. ಮನೆಮಂದಿ ಕಾದಿದ್ದರು.

ಹಾಗಾಗಿ, ಸಾಹೇಬರೇ, ಶಾಖೆಗಳೆಲ್ಲ ದೇವಲೋಕ ಎಂದು ನಾನು ಹೇಳುತ್ತಿಲ್ಲ. ತಮ್ಮ ಚೀಟಿಯಿಲ್ಲದೆ ಅಲ್ಲಿ ಒಲೆ ಉರಿಯುವುದಿಲ್ಲ, ತಡೆಯುವ ಕೈಯನ್ನೂ ತಮ್ಮ ಕಡತವೇ ಬರೆಯಬೇಕು. ನನ್ನ ದೂರು ಇಷ್ಟೇ: ತಾವು ಚೀಟಿ ಬರೆಯುವವರು, ಅಡುಗೆ ಬಡಿಸುವವರೂ ತಾವೇ ಎಂದು ನಮ್ಮಿಂದ ಹೇಳಿಸಿದಿರಿ. ತಾವು ಹೇಳಿಸಲಿಲ್ಲ ಎನ್ನುತ್ತೀರಾ? ಅದೂ ನಿಜವೇ. ಕಡತದಲ್ಲಿ ಅಂಥ ಆದೇಶ ಎಲ್ಲೂ ಇಲ್ಲ. ತಾವು ಮೊದಲಿಂದಲೂ ಚೀಟಿಗಳ ಬಾಲದಲ್ಲಿ ವಿಳಾಸ ಬರೆದೇ ಕಳಿಸುತ್ತಿದ್ದಿರಿ. ಬುರುಡೆಯೊಳಗೊಬ್ಬ ದೊರೆ ಇರಲೇಬೇಕು ಎಂದುಕೊಂಡವರು ನಾವು. ಹಾಗಿದ್ದಲ್ಲಿ ಈ ಪತ್ರವನ್ನು ತಪ್ಪು ವಿಳಾಸಕ್ಕೆ ಹಾಕಿದ್ದೇನೆ. ಅದನ್ನು ನನಗೇ ಹಿಂತಿರುಗಿಸಬಹುದು.

ಪತ್ರ ಮುಚ್ಚುವ ಮುನ್ನ ಇದನ್ನು ಓದುತ್ತಿರುವ ಉಪನ್ಯಾಸಕ ಮಿತ್ರರಲ್ಲಿ ಒಂದು ಮಾತು. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಬಂದ ಪಠ್ಯಪುಸ್ತಕದಲ್ಲಿ, ನಿಸ್ಲ್ ಕಣಗಳು ಕೋಶಕಾಯದ ಜೊತೆಗೆ ಡೆಂಡ್ರೈಟುಗಳಲ್ಲಿಯೂ ಇರುತ್ತವೆ ಎಂಬ ಮಾತಿತ್ತು. ಕನ್ನಡದಲ್ಲಿ ಬಿಡಿಸಿ ಹೇಳುವಾಗ ನಾನು ‘ಡೆಂಡ್ರೈಟುಗಳಲ್ಲೂ’ ಎನ್ನುತ್ತಿದ್ದೆ. ಆ ‘ಲ್ಲೂ’ ಎಂಬ ಒಂದಕ್ಷರದಲ್ಲಿ ಈ ಪತ್ರವಿಡೀ ಅಡಗಿತ್ತು. ಪ್ರತಿ ವರ್ಷ ಅದನ್ನು ಉಚ್ಚರಿಸಿ ಪುಟ ತಿರುವಿದೆ. ನೀವು ಹಲಗೆಯ ಮೇಲೆ ನರಕೋಶ ಬರೆಯುವಾಗ, ಕೋಶಕಾಯದಲ್ಲಿ ಹತ್ತು ಚುಕ್ಕೆ ಇಟ್ಟಾದ ಮೇಲೆ, ಡೆಂಡ್ರೈಟಿನ ಮುಳ್ಳುಗಳ ಬುಡದಲ್ಲಿ ಒಂದೊಂದು, ಆಕ್ಸಾನಿನ ತುದಿಯಲ್ಲಿ ಒಂದು ಚುಕ್ಕೆ ಇಡಿ. ಸೀಮೆಸುಣ್ಣ ಹೆಚ್ಚೇನೂ ಸವೆಯುವುದಿಲ್ಲ. ಕೊನೆಯ ಬೆಂಚಿನಿಂದ ಯಾರಾದರೂ ಎದ್ದುನಿಂತರೆ, ಕೂರಿಸಬೇಡಿ.

ಇಂತಿ ತಮ್ಮ ವಿಧೇಯ,
ಕಪ್ಪುಹಲಗೆ ಒರೆಸಿಟ್ಟು ಬಂದವನು